ತಲೆ ಇಲ್ಲದ ಅಂಜಲ್

ಡಿಸ್ಕವರಿ ಗಾರ್ಡನ್ಸ್, ದುಬೈ
18 ಜನವರಿ 2025

ಜಯಪಾಲ,

ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಹೇಳಿದ್ದೆ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಆದ್ದರಿಂದ ನಾನು ಮಾತಿಗೆ ತಪ್ಪಿದೆ ಎಂದು ನೀನು ಖುಷಿಪಡುವುದು ಬೇಡ.

ನಿನ್ನ ಬಿಲ್ಡಿಂಗಿನ ಆನ್ಸೆಲ್ಮ್ ವಾರಕ್ಕೆ ಎರಡು ಸಲ ಅಬುಧಾಬಿಯಿಂದ ಕಂಪೆನಿ ವ್ಯಾನು ತೆಗೆದುಕೊಂಡು ಈ ಕಡೆ ಬರುತ್ತಾನೆ. ಬಂದರೆ ಊಟ ನಮ್ಮಲ್ಲೇ. ಮೊನ್ನೆ ಅನ್ನ ಕಲಸುತ್ತಾ ಹೇಳಿದ, "ಅಪ್ಪಿಯಕ್ಕ, ನಿಮ್ಮ ತಮ್ಮ ಶನಿವಾರ ಆದಿತ್ಯವಾರ ಘಂತೂತಿನ ಸಮುದ್ರದಂಡೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತಿರ್ತಾರೆ, ಗಾಳ ಹಿಡ್ಕೊಂಡು. ನೋಡಿ ನೋಡಿ ಮೀನುಗಳಿಗೆ ಈಗ ಅವರ ಗುರುತು ಸಿಕ್ಕಿದೆ. ಹೆದರುವುದೇ ಇಲ್ಲ." ಅಳಿಯ ಸುಜಿತ್ ನಕ್ಕ. ಮಗಳು ಯಶ್ಮಿತಾಳೂ ನಕ್ಕಳು. ನಾನು ನಗಲಿಲ್ಲ.

ನಿನಗೆ ಅರವತ್ತಮೂರು. ಎಡಗಾಲಿನ ಮಂಡಿ ಮೊದಲೇ ಸರಿಯಿಲ್ಲ. ಜನವರಿಯ ನೀರಿನಲ್ಲಿ ನಿಂತು ನೀನು ಯಾರಿಗೆ ಏನು ತೋರಿಸಬೇಕಾಗಿದೆ? ಹಿಡಿದರೂ ಅದನ್ನು ಏನು ಮಾಡಬೇಕೆಂದು ನಿನಗೆ ಗೊತ್ತಿಲ್ಲ ಎಂಬುದು ಮೂರು ವರ್ಷದ ಹಿಂದೆಯೇ ಗೊತ್ತಾಗಿದೆ. ನಮ್ಮ ಮನೆಯ ಕ್ರಮ ಮರೆತಿರಬಹುದು, ಇನ್ನೊಮ್ಮೆ ಬರೆಯುತ್ತೇನೆ. ದೊಡ್ಡ ಮೀನು ಹಿಡಿದವನು ಅದನ್ನು ಇಡಿಯಾಗಿ ಮನೆಯ ಹಿರಿಯ ಹೆಂಗಸಿನ ಮುಂದೆ ಇಡಬೇಕು. ತಲೆ ಅವಳದ್ದು. ಯಾರಿಗೆ ಯಾವ ತುಂಡು ಎಂದು ಹೇಳುವವಳೂ ಅವಳೇ. ಯಶ್ಮಿತಾಳ ಬಯಕೆಯ ಊಟಕ್ಕೆ, ಅವಳ ಸೋದರಮಾವ ಸ್ವಂತ ಕೈಯಲ್ಲಿ ಹಿಡಿದ ಅಂಜಲ್ ಮೀನು ಎಂದು ಎಲ್ಲರಿಗೂ ಹೇಳಿ, ಹನ್ನೊಂದು ಜನ ನೆಂಟರ ಎದುರು ನೀನು ಕಳುಹಿಸಿದ ಐಸಿನ ಪೆಟ್ಟಿಗೆ ತೆರೆದೆ. ತಲೆ ಇರಲಿಲ್ಲ. ಫೋನು ಮಾಡಿ ಕೇಳಿದರೆ "ತಲೆ ಎಂತಕ್ಕೆ ಅಕ್ಕ, ಮುಳ್ಳು ಮಾತ್ರ" ಎಂದೆ. ಮನೆಗೆ ಹಿರಿಯವಳೇ ಇಲ್ಲ ಎಂದು ಹೇಳುವುದಕ್ಕೆ ಇದಕ್ಕಿಂತ ಚಂದದ ದಾರಿ ಇಲ್ಲ.

ನನ್ನ ಮನೆಯ ಹೊಸ್ತಿಲು ತುಳಿಯಬೇಡ ಎಂದು ಆ ದಿನ ಹೇಳಿದ್ದನ್ನು ಹಿಂದೆ ತೆಗೆದುಕೊಂಡಿಲ್ಲ. ನೀರಿಗೆ ಇಳಿಯಬೇಡ ಎಂದು ಹೇಳಲಿಕ್ಕೆ ಮಾತ್ರ ಬರೆದದ್ದು.

ಅಪ್ಪಿ ಸಾಲ್ಯಾನ್


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
25 ಜನವರಿ 2025

ಅಕ್ಕ,

ಇದನ್ನು ಕಳುಹಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಮ್ಮೆ ಬರೆದು ನೋಡಿದರೆ ನಾಳೆ ಬರೆಯುವುದರಲ್ಲಿ ಇದೆಲ್ಲ ನುಸುಳಲಿಕ್ಕಿಲ್ಲ.

ಅಂಗಡಿಯ ಅರಬಾಬ್, ನಮ್ಮ ಧಣಿ, ಕರೆದು ಹೇಳಿದರು, ಈ ಸಲ ನನ್ನ ವೀಸಾ ಹೊಸತು ಮಾಡುವುದಿಲ್ಲ. ಒಳ್ಳೆಯ ಮಾತಿನಲ್ಲೇ ಹೇಳಿದರು, ಚಹಾ ಕುಡಿಸಿದರು. ಮೂವತ್ತೊಂದು ವರ್ಷ ಟಿ.ವಿ., ಮಿಕ್ಸಿ, ಕೇಬಲು ಎಣಿಸಿ ಇಟ್ಟೆ, ಖಲಾಸ್. ಮಾರ್ಚ್ 29ಕ್ಕೆ ಟಿಕೆಟು. ರೂಮು ಕಂಪೆನಿಯದ್ದು, ಅದೂ ಹೋಯಿತು.

ಊರಿಗೆ ಹೋಗಬೇಕು, ಆದರೆ ಊರಿನಲ್ಲಿ ಎಲ್ಲಿಗೆ? ಹೆಂಡತಿ ಮಕ್ಕಳು ಎಂದು ನಾನು ಮಾಡಿಕೊಳ್ಳಲಿಲ್ಲ. ನನಗೆ ಗೊತ್ತಿರುವ ಬಾಗಿಲು ಒಂದೇ. ನೀನು ಕರಾಮಾದಲ್ಲಿ ಇಪ್ಪತ್ತೈದು ವರ್ಷ ಮೆಸ್ಸು ನಡೆಸಿ, ಚಪಾತಿ ಲಟ್ಟಿಸಿ ಲಟ್ಟಿಸಿ ಪಡುಕರೆಯಲ್ಲಿ ಕಟ್ಟಿದ ಮನೆ. ಅದರಲ್ಲಿ ಪಡುಬದಿಯ ಸಣ್ಣ ಕೋಣೆ ಸಾಕು. ಕೇಳಬೇಕು. ಹೇಗೆ ಕೇಳಲಿ? ನೀನು ಹೊಸ್ತಿಲು ಮುಚ್ಚಿದ್ದು ಆ ಮೀನಿಗಾಗಿ. ಅದರ ತಲೆ ಏನಾಯಿತು ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಹಾಗಾಗಿ ಒಂದೇ ದಾರಿ. ಹೋಗುವುದರೊಳಗೆ ದಂಡೆಯಿಂದ ಒಂದು ಅಂಜಲ್ ಹಿಡಿದು, ಇಡಿಯಾಗಿ ತಂದು ನಿನ್ನ ಮುಂದೆ ಇಟ್ಟು, ಆಮೇಲೆ ಕೋಣೆ ಕೇಳುವುದು.

ದಂಡೆಗೆ ಅಂಜಲ್ ಬರುವುದು ಅಪರೂಪ. ಅದು ನಿನಗೂ ಗೊತ್ತು.


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
26 ಜನವರಿ 2025

ಅಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಾನು ಕ್ಷೇಮ. ಆನ್ಸೆಲ್ಮ್ ಹೇಳಿದ್ದರಲ್ಲಿ ಅರ್ಧ ಸುಳ್ಳು, ನೀರು ಸೊಂಟದವರೆಗೆ ಇಲ್ಲ, ಮಂಡಿಯವರೆಗೆ ಮಾತ್ರ. ಗಾಳ ಹಾಕಲಿಕ್ಕೆ ಲೈಸೆನ್ಸ್ ಮಾಡಿಸಿದ್ದೇನೆ.

ಚಳಿಗಾಲದಲ್ಲಿ ಬೂತಾಯಿಯಂಥ ಸಣ್ಣ ಮೀನುಗಳ ಹಿಂಡು ದಂಡೆಗೆ ತಾಗಿಕೊಂಡು ಸಾಗುತ್ತದೆ. ಅದರ ಬೆನ್ನಿಗೆ ದೊಡ್ಡವು. ನೀರು ಬೆಚ್ಚಗಾದ ಕೂಡಲೇ ಎಲ್ಲ ಆಳಕ್ಕೆ ಹೊರಟುಹೋಗುತ್ತವೆ. ಮಾರ್ಚ್ ಕೊನೆಯವರೆಗೆ ನೋಡುತ್ತೇನೆ. ಆಮೇಲೆ ಇಲ್ಲ.

ಯಶ್ಮಿತಾಳಿಗೂ ಮಗುವಿಗೂ ಆಶೀರ್ವಾದ.

ಜಯಪಾಲ


ಡಿಸ್ಕವರಿ ಗಾರ್ಡನ್ಸ್
4 ಫೆಬ್ರವರಿ 2025

ಜಯಪಾಲ,

ಮಾರ್ಚ್ ಕೊನೆಯವರೆಗೆ ಅಂತೆ. ಮೀನಿಗೂ ನಿನ್ನ ಅಂಗಡಿಯ ಹಾಗೆ ಕ್ಯಾಲೆಂಡರ್ ಉಂಟೋ? ನೀರಿಗೆ ಇಳಿಯಬೇಡ ಎಂದರೆ ಎಷ್ಟು ಇಳಿಯುತ್ತೇನೆ ಎಂದು ಲೆಕ್ಕ ಕೊಟ್ಟಿದ್ದೀಯ. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ನಿನಗೆ ಹೆಚ್ಚು ಮಾರ್ಕು ಬಂದದ್ದು ಹೇಗೆ ಎಂದು ನನಗೆ ಇನ್ನೂ ಆಶ್ಚರ್ಯ.

ನಮ್ಮವರು ಬಲೆ ಹಾಕಿದವರು. ರಂಪಣಿ ಬಲೆ ಎಳೆಯುವಾಗ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತಿತ್ತು. ಒಬ್ಬನೇ ಕೋಲು ಹಿಡಿದು ಸಮುದ್ರಕ್ಕೆ ಮುಖ ಮಾಡಿ ನಿಲ್ಲುವುದನ್ನು ಅಮ್ಮ ನೋಡಿದ್ದರೆ ತಲೆಯ ಮೀನಿನ ಬುಟ್ಟಿ ಇಳಿಸಿ ಬಂದು ನಿನ್ನ ಕಿವಿ ಹಿಂಡುತ್ತಿದ್ದರು. ಆದರೂ ನಿಲ್ಲುವವನು ಸರಿಯಾಗಿ ನಿಲ್ಲಬೇಕು. ಬಿಳಿ ಹಕ್ಕಿ ಒಂದೊಂದಾಗಿ ಮುಳುಗಿದರೆ ಅದು ಸಣ್ಣ ಮೀನು, ಬಿಡು. ಒಟ್ಟಿಗೆ ಬಿದ್ದು ಒಟ್ಟಿಗೆ ಎದ್ದರೆ ಅಡಿಯಲ್ಲಿ ದೊಡ್ಡದು ಅಟ್ಟುತ್ತಿದೆ ಎಂದು ಅರ್ಥ. ಗಾಳಿ ನಿಂತ ಮರುದಿನ ನೀರು ಸ್ವಲ್ಪ ಕಲಕಿರುವಾಗ ಹೋಗು. ಕನ್ನಡಿಯ ಹಾಗಿರುವ ನೀರಿನಲ್ಲಿ ನಿನ್ನನ್ನು ಅದು ಮೊದಲೇ ನೋಡಿರುತ್ತದೆ.

ಇದು ಸಲಹೆ ಅಲ್ಲ. ಹೋಗುವುದೇ ಆದರೆ ಎಂದು ಬರೆದೆ.

ಇನ್ನೊಂದು ಸಂಗತಿ. ಪಡುಕರೆಯ ನೆರೆಯವ ಲತೇಶ್ ನಮ್ಮ ಮನೆಯನ್ನು ಹೋಂಸ್ಟೇ ಮಾಡಲಿಕ್ಕೆ ಕೇಳುತ್ತಿದ್ದಾನೆ. ಮಾರ್ಚ್ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ. ನಾನು ಮೊಮ್ಮಗುವನ್ನು ಬಿಟ್ಟು ಇನ್ನೆರಡು ವರ್ಷ ಬರುವ ಹಾಗಿಲ್ಲ. ಇರುವವರಿಲ್ಲದ ಮನೆಗೆ ಉಪ್ಪುಗಾಳಿ ಬೇಗ ಹತ್ತುತ್ತದೆ. ನಿನ್ನ ಅಭಿಪ್ರಾಯ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಪ್ಪಿ ಸಾಲ್ಯಾನ್


ಎಲೆಕ್ಟ್ರಾ ಸ್ಟ್ರೀಟ್
17 ಫೆಬ್ರವರಿ 2025

ಅಕ್ಕನವರಿಗೆ,

ಉತ್ತರ ತಡವಾಯಿತು. ಒಂದು ಕಡೆ ಕೂತು ಬರೆಯಲಿಕ್ಕೆ ಮನಸ್ಸು ನಿಲ್ಲುತ್ತಿಲ್ಲ. ಅಂಗಡಿಯಲ್ಲಿ ಒಂದು ಪೆಟ್ಟಿಗೆಯನ್ನು ಮೂರು ಸಲ ಎಣಿಸುತ್ತೇನೆ, ಮೂರು ಸಲವೂ ಬೇರೆ ಬೇರೆ.

ಒಂದು ವಾರ ಶಮಾಲ್ ಗಾಳಿ ಹೊಡೆಯಿತು. ಮರಳು ಹಾರಿ ಕಣ್ಣು ಬಿಡಲಿಕ್ಕಿಲ್ಲ. ಆದರೂ ಹೋದೆ. ನೀವು ಹೇಳಿದ ಹಾಗೆ ಗಾಳಿ ನಿಂತ ಮರುದಿನ ನೀರು ಕಲಕಿತ್ತು, ಹಕ್ಕಿಗಳು ಒಟ್ಟಿಗೆ ಬಿದ್ದವು. ನಾನು ಎಸೆದದ್ದು ಅಲ್ಲಿಗೆ ತಲುಪಲಿಲ್ಲ, ಹತ್ತು ಮಾರು ಕಡಿಮೆ. ಓಡಿದೆ. ನಾನು ಓಡಿದ ಕಡೆಯಿಂದ ಹಕ್ಕಿಗಳು ಆಚೆ ಹೋದವು. ಪುನಃ ಓಡಿದೆ. ಹೀಗೆ ಎರಡು ಕಿಲೋಮೀಟರ್. ಕೊನೆಗೆ ಒಂದು ಕ್ವೀನ್ ಫಿಶ್ ಸಿಕ್ಕಿತು. ಉದ್ದಕ್ಕೆ, ಚಪ್ಪಟೆ, ಪಕ್ಕದಲ್ಲಿ ಸಾಲಾಗಿ ಬೊಟ್ಟಿಟ್ಟ ಹಾಗೆ ಚುಕ್ಕೆ. ಒಳ್ಳೆಯ ಮೀನೇ. ನೀರಿಗೆ ಬಿಟ್ಟುಬಿಟ್ಟೆ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಶಾನವಾಝ್ ಎಂಬ ಮಲಯಾಳಿ ತಲೆ ಚಚ್ಚಿಕೊಂಡ. "ಅಣ್ಣಾ, ನಿಮಗೆ ಬೇಡದಿದ್ರೆ ನನಗೆ ಕೊಡಬಾರದಾ? ನೀವು ಹಿಡಿಯಲಿಕ್ಕೆ ಬರುವುದಾ, ಮಾತಾಡಿಸಲಿಕ್ಕೆ ಬರುವುದಾ?"

ನನಗೆ ಬೇಕಾದದ್ದು ಬೇರೆ.

ಲತೇಶ್ ಒಳ್ಳೆಯವನು. ಮನೆ ಕೊಡಿ.

ಜಯಪಾಲ


ಡಿಸ್ಕವರಿ ಗಾರ್ಡನ್ಸ್
9 ಮಾರ್ಚ್ 2025

ಜಯಪಾಲ,

ಹಿಡಿದ ಮೀನನ್ನು ಬಿಟ್ಟೆಯಂತೆ. ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಅರ್ಥವಾಗಲಿಲ್ಲ. ನಮ್ಮ ಕುಟುಂಬದಲ್ಲಿ ಕಳ್ಳು ಕುಡಿದವರು ಇದ್ದಾರೆ, ಜಗಳಗಂಟರು ಇದ್ದಾರೆ. ಮೀನು ಬಿಟ್ಟವರು ಇರಲಿಲ್ಲ.

ಲತೇಶನಿಗೆ ಇನ್ನೂ ಏನೂ ಹೇಳಿಲ್ಲ.

ಆನ್ಸೆಲ್ಮನ ಬಾಯಿ ಸಡಿಲ ಎಂದು ನಿನಗೆ ಗೊತ್ತಿರಬೇಕು. ಕಳೆದ ವಾರ ಊಟದ ನಡುವೆ ಅವನಿಗೆ ಊರಿನಿಂದ ಫೋನು ಬಂತು. ಕಲ್ಯಾಣಪುರದಲ್ಲಿ ಒಂದು ಬಾಡಿಗೆ ರೂಮಿನ ವಿಷಯ. ಒಬ್ಬಂಟಿ ಗಂಡಸು, ವಯಸ್ಸಾದವರು, ಗಲಾಟೆ ಇಲ್ಲ, ಸಮುದ್ರ ಹತ್ತಿರ ಇರಬೇಕು, ಏಪ್ರಿಲಿನಿಂದ ಬೇಕು ಎಂದೆಲ್ಲ ಹೇಳಿದ. ಫೋನು ಇಟ್ಟ ಮೇಲೆ ಯಾರಿಗೆ ಎಂದು ಕೇಳಿದೆ. "ಒಬ್ಬ ಫ್ರೆಂಡಿಗೆ ಅಪ್ಪಿಯಕ್ಕ" ಎಂದ. ಆಮೇಲೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡನೇ ಸಲ ಸಾರು ಹಾಕುತ್ತೇನೆ ಎಂದರೂ ಬೇಡವೆಂದ. ಅವನು ಸಾರು ಬೇಡ ಎಂದದ್ದು ಇದೇ ಮೊದಲು.

ನನ್ನ ಒಂದು ಪ್ರಶ್ನೆಗೆ ಉತ್ತರ ಬರೆ. ನನಗೆ ತಿಳಿಸಬೇಕಾದ್ದು ನಿನ್ನ ಹತ್ತಿರ ಏನಾದರೂ ಉಂಟೋ?

ಅಪ್ಪಿ


ಎಲೆಕ್ಟ್ರಾ ಸ್ಟ್ರೀಟ್
12 ಮಾರ್ಚ್ 2025

ಅಕ್ಕನವರಿಗೆ,

ತಿಳಿಸಬೇಕಾದ್ದು ಏನೂ ಇಲ್ಲ.

ರಂಜಾನ್ ಆದ್ದರಿಂದ ಅಂಗಡಿಯಲ್ಲಿ ಕೆಲಸ ಎರಡು ಗಂಟೆ ಕಡಿಮೆ. ನಿನ್ನೆ ಸಂಜೆಯೂ ಹೋಗಿದ್ದೆ. ನೀರಿಗೆ ಕಾಲಿಟ್ಟರೆ ಮೊದಲಿನ ಹಾಗೆ ಕೊರೆಯುವುದಿಲ್ಲ, ಬೆಚ್ಚಗಾಗುತ್ತಿದೆ. ಹಿಂಡು ದಿನಕ್ಕೊಂದು ಕಡೆ ಕಾಣಿಸುತ್ತದೆ, ನಿಲ್ಲುವುದಿಲ್ಲ. ಈ ಆದಿತ್ಯವಾರ ಬೆಳಗ್ಗೆ ಉಬ್ಬರ ಒಳ್ಳೆಯದುಂಟು. ಬಂದರೆ ಆ ದಿನ, ಇಲ್ಲದಿದ್ದರೆ ಇಲ್ಲ.

ಜಯಪಾಲ


ಎಲೆಕ್ಟ್ರಾ ಸ್ಟ್ರೀಟ್
17 ಮಾರ್ಚ್ 2025

ಅಕ್ಕ,

ನಿನ್ನ ಕೈ ಹೇಗಿದೆ? ಅಂಗೈ ಬಿಗಿಹಿಡಿದು ಸೆರಗಿನೊಳಗೆ ಇಟ್ಟುಕೊಂಡೇ ವ್ಯಾನು ಹತ್ತಿದೆ. ನಾನು ನೋಡಿದೆ.

ನೀನು ಬರುತ್ತೀ ಎಂದು ಆನ್ಸೆಲ್ಮ್ ಹೇಳಿರಲಿಲ್ಲ. ಬೆಳಕು ಆಗ ತಾನೇ ಹರಿದಿತ್ತು. ಸೀರೆ ಮೇಲೆ ಕಟ್ಟಿ, ಯಶ್ಮಿತಾಳ ಶೂ ಹಾಕಿಕೊಂಡು ನೀನು ಮರಳಿನಲ್ಲಿ ನಡೆದು ಬಂದದ್ದು ನೋಡಿ ನನ್ನ ಕೈಯ ಕೋಲೇ ಜಾರಿತು. ಮೂರು ವರ್ಷದ ಮೇಲೆ ನೋಡಿದ್ದು. ನೀನು ನನ್ನ ಐಸ್ ಪೆಟ್ಟಿಗೆಯ ಮೇಲೆ ಕೂತೆ, ನನ್ನಿಂದ ನಾಲ್ಕು ಹೆಜ್ಜೆ ದೂರ. ಕೂತು ಹೇಳಿದೆ, "ಆನ್ಸೆಲ್ಮ್, ಅವನಿಗೆ ಹೇಳು, ಹಕ್ಕಿ ಎಡಕ್ಕೆ ಹೋಗಿದೆ."

"ಜಯಪಾಲಣ್ಣ, ಹಕ್ಕಿ ಎಡಕ್ಕೆ ಹೋಗಿದೆಯಂತೆ."

"ಕಂಡಿದೆ ಎಂದು ಹೇಳು."

"ಅಪ್ಪಿಯಕ್ಕ, ಕಂಡಿದೆಯಂತೆ."

"ಕಂಡಿದ್ದರೆ ಕಂಬದ ಹಾಗೆ ಯಾಕೆ ನಿಂತಿದ್ದಾನೆ ಕೇಳು."

"ಅಯ್ಯೋ ದೇವರೇ, ನಾನು ವ್ಯಾನಿನಲ್ಲಿ ಮಲಗ್ತೇನೆ. ನೀವಿಬ್ಬರೂ ಮೀನಿಗೇ ಹೇಳಿ" ಎಂದ. ಆದರೆ ಹೋಗಲಿಲ್ಲ.

ಆಮೇಲೆ ಅದು ಕಚ್ಚಿತು. ಕಚ್ಚಿದ ರೀತಿಯಲ್ಲೇ ಗೊತ್ತಾಯಿತು, ಕ್ವೀನ್ ಫಿಶ್ ಅಲ್ಲ. ಅದು ಮೇಲಕ್ಕೆ ಹಾರುತ್ತದೆ. ಇದು ಹಾರಲಿಲ್ಲ, ನೇರ ಆಳಕ್ಕೆ ಓಡಿತು. ರೀಲಿನಲ್ಲಿದ್ದ ದಾರ ಮುಕ್ಕಾಲು ಹೋಯಿತು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ, ಅರ್ಧ ಗಂಟೆ ಎಂದು ಆನ್ಸೆಲ್ಮ್ ಹೇಳುತ್ತಾನೆ. ದಂಡೆಯ ಹತ್ತಿರ ಬಂದು ಅಲೆ ಮಗುಚಿದಾಗ ಅದರ ಪಕ್ಕೆ ಕಂಡಿತು. ಬೆಳ್ಳಿಯ ಮೇಲೆ ಅಡ್ಡ ಗೆರೆಗಳು. ಅಂಜಲ್. ಇನ್ನು ನಾನು ಹಿಂದೆ ಹಿಂದೆ ನಡೆಯಬೇಕು, ಮುಂದಿನ ಅಲೆ ಅದನ್ನು ತಾನೇ ಮರಳಿಗೆ ತಂದು ಹಾಕುತ್ತದೆ. ಅಷ್ಟೇ ಇದ್ದದ್ದು.

ಆಗ ನೀನು "ಒಯ್ಪುಲೆ, ಒಯ್ಪುಲೆ!" ಎಂದು, ಊರಿನಲ್ಲಿ ರಂಪಣಿಯವರು ಎಳೆಯಿರಿ ಎಳೆಯಿರಿ ಎಂದು ಕೂಗುವ ಹಾಗೆ ಕೂಗುತ್ತಾ ನೀರಿಗೆ ಹಾರಿ ದಾರಕ್ಕೆ ಕೈ ಹಾಕಿದೆ. ಎರಡೂ ಕೈ. ರಂಪಣಿಯ ಹಗ್ಗ ಹಿಡಿದ ಹಾಗೆ ಮುಷ್ಟಿ ಸುತ್ತಿ ಎಳೆದೆ. ದಾರ ತುಂಡಾಯಿತು.

ಅದು ಒಂದು ಕ್ಷಣ ಅಲ್ಲೇ ಇತ್ತು. ತನಗೆ ಬಿಡುಗಡೆ ಆಯಿತೆಂದು ಅದಕ್ಕೂ ಗೊತ್ತಾಗಿರಲಿಲ್ಲ. ಆಮೇಲೆ ಹೋಯಿತು.

ನೀನು ಸೊಂಟದವರೆಗೆ ನೀರಿನಲ್ಲಿ ನಿಂತು ಆ ಕಡೆಯೇ ನೋಡುತ್ತಿದ್ದೆ. ಆಮೇಲೆ ತಿರುಗಿ ಹೋಗಿ ವ್ಯಾನಿನಲ್ಲಿ ಕೂತೆ. ತನ್ನಿಂದಾಗಿ ಹೋಯಿತು ಎಂದು ನೀನು ದಾರಿಯುದ್ದಕ್ಕೂ ಅಂದುಕೊಂಡಿರುತ್ತೀ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನಿಂದ ಆದದ್ದನ್ನೂ ನೀನು ಕೇಳಬೇಕು.

ಮೂರು ವರ್ಷದ ಹಿಂದಿನ ಆ ಅಂಜಲನ್ನು ನಾನು ಹಿಡಿದದ್ದಲ್ಲ. ಯಶ್ಮಿತಾಳಿಗೆ ಸ್ವಂತ ಕೈಯ ಮೀನು ಕೊಡುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ, ಸಿಗಲಿಲ್ಲ. ಮೀನಾ ಬಂದರಿನ ಮೀನು ಮಾರ್ಕೆಟಿನಲ್ಲಿ ಕೊಂಡೆ. ಕ್ಲೀನ್ ಮಾಡುವ ತೌಫೀಕನ ಕೈಗೆ ಕೊಟ್ಟು, ಪಕ್ಕಕ್ಕೆ ನಿಂತು ನಿನಗೇ ಫೋನು ಮಾಡಿದೆ. ಅದು ಹೇಗೆ ಕಚ್ಚಿತು, ಹೇಗೆ ಎಳೆದೆ ಎಂದು ನಾನು ವರ್ಣಿಸುತ್ತಾ ಇದ್ದಾಗ ಅವನು ತಲೆ ಕತ್ತರಿಸಿ ಬದಿಗೆ ಎಸೆದ. ಇಲ್ಲಿ ಹೆಚ್ಚಿನವರಿಗೆ ತಲೆ ಬೇಡ, ಅವನ ಕೈಗೆ ಅದೇ ಅಭ್ಯಾಸ. ಫೋನು ಇಟ್ಟು ತಿರುಗಿ ನೋಡುವಾಗ ತಲೆ ಇರಲಿಲ್ಲ. ನೀನು ಕೇಳಿದಾಗ ನಿಜ ಹೇಳಿದರೆ ಎಲ್ಲ ಹೊರಗೆ ಬರುತ್ತಿತ್ತು. ಮುಳ್ಳು ಮಾತ್ರ ಎಂದುಬಿಟ್ಟೆ.

ಇನ್ನೊಂದು. ವೀಸಾ ಮುಗಿಯಿತು. 29ಕ್ಕೆ ಊರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ. ಕಲ್ಯಾಣಪುರದ ರೂಮು ಸಿಕ್ಕಿದೆ. ಕಿಟಕಿ ಒಂದೇ, ಆದರೆ ಪರವಾಗಿಲ್ಲ. ನಿನ್ನಿಂದ ಏನೂ ಕೇಳುವುದಕ್ಕಾಗಿ ಇದನ್ನು ಬರೆದದ್ದಲ್ಲ.

ಜಯಪಾಲ


ಡಿಸ್ಕವರಿ ಗಾರ್ಡನ್ಸ್
20 ಮಾರ್ಚ್ 2025

ಜಯಪಾಲ,

ಅಕ್ಷರ ಸೊಟ್ಟ ಇದ್ದರೆ ಪೆನ್ನು ಸರಿಯಿಲ್ಲ. ಕೈಗೆ ಏನೂ ಆಗಿಲ್ಲ. ಯಶ್ಮಿತಾ ಸುಮ್ಮನೆ ಬಟ್ಟೆ ಸುತ್ತಿದ್ದಾಳೆ.

ದಾರ ಹಿಡಿದದ್ದು ನಾನು. ಹಿಡಿಯಬಾರದಿತ್ತು. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ, ನೀನೂ ಯಾರ ಹತ್ತಿರವೂ ಹೇಳಬೇಕಾಗಿಲ್ಲ. ಸುಜಿತನಿಗೆ ನಾನೇ ಹೇಳಿದೆ. ಅವನು ನಗಲಿಕ್ಕೆ ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿದ.

ಈಗ ನಿನ್ನ ಅಂಜಲಿನ ವಿಷಯ. ನಾನು ಯಾರ ಮಗಳು ಎಂದು ನೀನು ಮರೆತೆಯೋ? ಮಲ್ಪೆಯಿಂದ ಉಡುಪಿಗೆ ಬುಟ್ಟಿ ಹೊತ್ತು ಮೀನು ಮಾರಿದವಳ ಮಗಳು. ಬೆನ್ನಿಗೆ ಬೆರಳು ಒತ್ತಿದ ಕೂಡಲೇ ಗೊತ್ತಾಯಿತು, ಅದು ಐಸಿನಲ್ಲಿ ಮೂರು ದಿನ ಮಲಗಿದ ಮೀನು ಎಂದು. ಫೋನಿನಲ್ಲಿ ನೀನು ಅರ್ಧ ಗಂಟೆ ಮೊದಲು ಹಿಡಿದೆ ಎಂದಿದ್ದೆ. ಹನ್ನೊಂದು ಜನ ಸುತ್ತ ನಿಂತಿದ್ದರು. ನನ್ನ ತಮ್ಮ ಸುಳ್ಳು ಹೇಳಿದ್ದಾನೆ ಎಂದು ಅವರ ಎದುರು ಹೇಗೆ ಹೇಳಲಿ? ನನ್ನ ಮುಖ ಕೆಂಪಾದದ್ದು ಅವರಿಗೆ ಕಂಡಿತ್ತು, ಏನಾದರೊಂದು ಹೇಳಲೇಬೇಕಿತ್ತು. ತಲೆ ಇಲ್ಲ ಎಂದೆ. ಕ್ರಮ ತಪ್ಪಿದವ ಎನ್ನಿಸಿಕೊಳ್ಳುವುದು ಸುಳ್ಳುಗಾರ ಎನ್ನಿಸಿಕೊಳ್ಳುವುದಕ್ಕಿಂತ ಹಗುರ. ಹೊಸ್ತಿಲು ತುಳಿಯಬೇಡ ಎಂದಿದ್ದರೂ ನೀನು ಎರಡು ದಿನದಲ್ಲಿ ಬಂದು ನಿಜ ಹೇಳುತ್ತೀ ಎಂದು ಕಾದೆ. ಬರಲಿಲ್ಲ. ಆಮೇಲೆ ನನ್ನ ಸಿಟ್ಟು ತಲೆಯ ಮೇಲೆಯೇ ಎಂದು ನನಗೂ ಅಭ್ಯಾಸವಾಯಿತು.

ಕಲ್ಯಾಣಪುರದ ರೂಮು ಬೇಡ ಎಂದು ಆನ್ಸೆಲ್ಮನಿಗೆ ಹೇಳಿಯಾಗಿದೆ. ಅವನು "ನಿಮ್ಮ ತಮ್ಮನನ್ನು ಒಂದು ಮಾತು ಕೇಳುವುದಲ್ವಾ" ಎಂದ. ಯಾಕೆ ಕೇಳಬೇಕು? ಲತೇಶನಿಗೂ ಫೋನು ಮಾಡಿ ಇಲ್ಲ ಎಂದೆ. ನನ್ನ ಮನೆಯಲ್ಲಿ ಮೂರು ಕೋಣೆ ಇರುವಾಗ ನನ್ನ ತಮ್ಮ ಒಂದು ಕಿಟಕಿಯ ರೂಮಿನಲ್ಲಿ ಬಾಡಿಗೆಗೆ ಇದ್ದರೆ ಪಡುಕರೆಯ ಹೆಂಗಸರು ನನ್ನ ಬಗ್ಗೆ ಏನು ಹೇಳುತ್ತಾರೆ ಎಂದು ಯೋಚಿಸಿದ್ದೀಯೋ? ನಿನಗೆ ನಿನ್ನ ಮರ್ಯಾದೆಯೇ ದೊಡ್ಡದು.

ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಬಾ. ಬೀಗದ ಕೈ ಕೊಡಬೇಕು, ಅದನ್ನು ಆನ್ಸೆಲ್ಮನ ಹತ್ತಿರ ಕಳುಹಿಸುವುದಿಲ್ಲ. ದಾರಿಯಲ್ಲಿ ಮಾರ್ಕೆಟಿಗೆ ಹೋಗಬೇಡ, ದಂಡೆಗೂ ಹೋಗಬೇಡ. ಬರಿಗೈಯಲ್ಲಿ ಬಾ. ಬಾಗಿಲು ನಾನೇ ತೆಗೆಯುತ್ತೇನೆ.

ಪಡುಬದಿಯ ಕೋಣೆಯಲ್ಲಿ ಮಲಗಬೇಡ, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಜಗಲಿಗೆ ತಾಗಿದ ಕೋಣೆ ದೊಡ್ಡದು, ಗಾಳಿಯೂ ಬರುತ್ತದೆ. ನನ್ನ ಕಪಾಟು ಅದರಲ್ಲೇ ಉಂಟು, ಒಂದು ಬದಿ ಖಾಲಿ ಮಾಡಿಕೋ. ಬಾವಿಯ ಪಂಪು ಹಾಕಿದ ಕೂಡಲೇ ನೀರು ಬರುವುದಿಲ್ಲ, ಸ್ವಲ್ಪ ಹೊತ್ತು ಕಾಯಬೇಕು. ಕಾಯುವುದು ನಿನಗೆ ಅಭ್ಯಾಸ ಉಂಟು. ಬೆಳಗ್ಗೆ ದಂಡೆಗೆ ಹೋಗುವುದಾದರೆ ಹೋಗು, ನೀರು ಮಂಡಿಗಿಂತ ಮೇಲೆ ಬೇಡ.

ಊರಿನವರು ಕೇಳುತ್ತಾರೆ, ಎಷ್ಟು ದಿನ ಇರುತ್ತೀ ಎಂದು. ಅಕ್ಕನನ್ನು ಕೇಳಿ ಎನ್ನು. ನನ್ನನ್ನು ಕೇಳುವ ಧೈರ್ಯ ಪಡುಕರೆಯಲ್ಲಿ ಯಾರಿಗೂ ಇಲ್ಲ.

ಅಪ್ಪಿಯಕ್ಕ